ಕೇಳದೆ ನುಂಗಬಾರದು

ಔಷಧಿ ಅಂಗಡಿ ಇಟ್ಟವರಿಗೆ ಒಂದು ರೋಗ ಇರುತ್ತದೆ. ತಲೆ ಸರಿಯಾಗಿ ನೋಯುವ ಮೊದಲೇ ಕೈ ಗುಳಿಗೆಯ ಕಡೆ ಹೋಗುತ್ತದೆ. ಇಳಕಲ್ಲಿನಲ್ಲಿ ಮೂವತ್ತು ವರ್ಷದಿಂದ ಅಂಗಡಿ ನಡೆಸುತ್ತಿರುವ ನಾನು ಸೀನಿಗೂ ನುಂಗಿದ್ದೇನೆ, ಬಸ್ ತಪ್ಪಿದ ಬೇಸರಕ್ಕೂ ನುಂಗಿದ್ದೇನೆ. ಅಂಥವನು ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ಬಿಪಿಯ ಹೊಸ ಔಷಧಿಯ ಪ್ರಯೋಗಕ್ಕೆ ಹೆಸರು ಕೊಟ್ಟೆ. ಬಿಪಿ ಹೇಗೂ ಇತ್ತು, ಮೇಲಾಗಿ ಹೊಸ ಗುಳಿಗೆ ಎಂದರೆ ನನಗೆ ಅಷ್ಟು ಕುತೂಹಲ. ಅಲ್ಲಿನ ಸಿಸ್ಟರ್ ಸವಿತಾ ಒಂದು ಡೈರಿ ಕೊಟ್ಟು, "ಕಾಕಾರ, ನಮ್ಮನ್ನ ಕೇಳದ ಬ್ಯಾರೆ ಯಾವ ಔಷಧಾನೂ ತಗೋಬ್ಯಾಡ್ರಿ. ತಪ್ಪಿ ತಗೊಂಡ್ರ ಇದರಾಗ ಬರೀರಿ" ಎಂದಳು.

ಮೂರು ವಾರ ನಿಷ್ಠೆಯಿಂದ ಇದ್ದೆ. ಬಂದ ತಲೆನೋವು ಯಾರೂ ಓಡಿಸದಿದ್ದರೂ ತಾನಾಗಿಯೇ ಹೋಗುವುದನ್ನು ಬೆರಗಿನಿಂದ ನೋಡಿದೆ. ನಾಲ್ಕನೆಯ ವಾರ ಸೊಂಟ ಹಿಡಿದುಕೊಂಡಿತು. ಗಿರಾಕಿಯೊಬ್ಬರಿಗೆ ನೋವಿನ ಗುಳಿಗೆ ಕೊಡುತ್ತ, ಅದೇ ಪಟ್ಟಿಯಿಂದ ನಾನೂ ಒಂದು ನುಂಗಿಬಿಟ್ಟೆ. ನೀರು ಕುಡಿದ ಮೇಲೆ ಡೈರಿ ನೆನಪಾಯಿತು. ಬರೆದರೆ ಪ್ರಯೋಗದಿಂದ ಕೈಬಿಡುತ್ತಾರೆಂಬ ಭಯ. ಬರೆಯದಿದ್ದರೆ ನನ್ನ ಸುಳ್ಳನ್ನು ನಂಬಿ ನಾಳೆ ಯಾರ ಬಿಪಿ ಏನಾಗುತ್ತದೋ ಎಂಬ ಭಯ. "ನುಂಗೂಮುಂದ ಇಲ್ಲದ ಅಂಜಿಕಿ ಬರಿಯಾಕ ಯಾಕ್ರಿ?" ಎಂದಳು ಹೆಂಡತಿ ಗಂಗವ್ವ. ಬರೆದೆ.

ಮುಂದಿನ ತಪಾಸಣೆಯಲ್ಲಿ ಬಿಪಿ ಏರಿತ್ತು. ಸವಿತಾ ಡೈರಿ ಓದಿದಳು. "ಬರದದ್ದು ಚಲೋ ಆತ್ರಿ. ಆದ್ರ ಒಂದು ಗುಳಗಿಗೆ ಇಷ್ಟ್ ಏರೂದಿಲ್ಲ. ಚೂರ್ಣ, ಕಷಾಯ ಏನರ ತಗೊಂಡೀರೇನು?"

"ಕಷಾಯ ಔಷಧ ಹೆಂಗ ಆಗ್ತದವಾ? ಕೆಮ್ಮಿಗಂತ ನಮ್ಮಾಕಿ ದಿನಾ ಎರಡು ಲೋಟ ಜ್ಯೇಷ್ಠಮಧು ಕುದಿಸಿ ಕೊಡ್ತಾಳ, ಅಷ್ಟ."

ಅವಳು ಪೆನ್ನು ಕೆಳಗಿಟ್ಟು ಡಾಕ್ಟರನ್ನು ಕರೆದಳು. ಆ ಬೇರನ್ನು ದಿನವೂ ಕುಡಿದರೆ ಬಿಪಿ ಏರುತ್ತದೆಯಂತೆ. ಕಷಾಯ ನಿಲ್ಲಿಸಿ ಎರಡು ವಾರ ಬಿಟ್ಟು ಬನ್ನಿ, ಆಮೇಲೆ ನೋಡೋಣ ಎಂದರು ಡಾಕ್ಟರು.

ಮನೆಗೆ ಬಂದು ಗತ್ತಿನಿಂದ ಗಂಗವ್ವನಿಗೆ ಪಾಠ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಆ ಬೇರು ಅಂಗಡ್ಯಾಗಿಂದ ತಂದು ಕೊಟ್ಟಾವ್ರು ಯಾರ್ರಿ?"

ಎರಡು ವಾರದಲ್ಲಿ ಬಿಪಿ ಇಳಿಯಿತು, ನನ್ನನ್ನು ಉಳಿಸಿಕೊಂಡರು. ಈಗ ಅಂಗಡಿಗೆ ಬಂದವರನ್ನೆಲ್ಲ ನಾನು ಕೇಳುತ್ತೇನೆ, ಬೇರೆ ಏನೇನು ತಗೋತೀರಿ ಎಂದು. ನಿನ್ನೆ ಹಳೆಯ ಗಿರಾಕಿಯೊಬ್ಬರು, "ಗುಳಗಿ ಕೊಡ್ರಿ ಅಂದ್ರ ಜಾತಕ ಕೇಳಾಕತ್ತೀರಲ್ರಿ" ಎಂದು ಎದುರಿನ ಅಂಗಡಿಗೆ ನಡೆದರು. ಅವರ ಬಿಪಿ ಎಷ್ಟಿತ್ತೋ ಕಾಣೆ. ನನ್ನದಂತೂ ಯಾವ ಕಷಾಯವೂ ಇಲ್ಲದೆ ಏರಿತು.