ಬರ್ಫಕ್ಕೆ ಆರತಿ

ಅದಕ್ಕೇನೋ ಹೆಸರಿದೆ. ಐಸ್ ಅರಾ… ಅರೇ… ಇರಲಿ, ಬರ್ಫದ ಮೇಲೆ ಜಾರಾಟ ಆಡುವ ಮನೆ. ಉಡುಪಿ ಕಡೆಯಿಂದ ಮದುವೆಯಾಗಿ ಬಂದವಳು ನಾನು. ನಮ್ಮ ಲಕಮನಹಳ್ಳಿ ಕಾಲನಿಯಲ್ಲಿ ಇಂಥದ್ದೊಂದು ನಡೆಯದೆ ಬೇಸಿಗೆ ಕಳೆದದ್ದು ಕಾಣೆ.

೧. ಸಭೆ

ಕಾಲನಿಯ ಖಾಲಿ ಜಾಗದಲ್ಲಿ ಅದನ್ನು ಕಟ್ಟೋಣವೆಂದರು ಸೆಕ್ರೆಟರಿ. ಚಕ್ರದ ಬೂಟು ಕಟ್ಟಿ ರಸ್ತೆಯಲ್ಲೇ ಜಾರುವ ನನ್ನ ಮೊಮ್ಮಗಳಿಗೆ ಖುಷಿಯಲ್ಲಿ ನಿದ್ದೆ ಹೋಯಿತು. ನನಗೆ ಚಿಂತೆಯಲ್ಲಿ ಹೋಯಿತು. ನಾವು ಹೆಂಗಸರು ಹಪ್ಪಳ, ಶಾವಿಗೆ ಒಣಗಿಸುವುದು ಅಲ್ಲೇ. ಮಳೆಯೂರಲ್ಲಿ ಹುಟ್ಟಿದವಳು ಸಿಕ್ಕ ಬಿಸಿಲನ್ನು ಸುಮ್ಮನೆ ಬಿಟ್ಟುಕೊಟ್ಟಾಳೇ?

ಹತ್ತಿ ವ್ಯಾಪಾರದ ಕಾಕಾ ಎದ್ದರು. "ಕರೆಂಟ್ ಹೋದ್ರ?"

"ಕರಗಿ ನೀರಾಗತೈತ್ರಿ, ಕಾಕಾ," ಎಂದರು ಸೆಕ್ರೆಟರಿ.

"ಹಂಗಾರ ಲಗೂ ಕಟ್ರಿ. ನಳದ ನೀರಿಗೆ ದಾರಿ ಕಾಯೋದರ ತಪ್ಪತೈತಿ!"

೨. ಪೂಜೆ

ಹೇಗಿರುತ್ತದೆಂದು ತೋರಿಸಲು ಸೆಕ್ರೆಟರಿ ಇಲ್ಲೇ ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದಿಂದ ಟೆಂಪೊ ತುಂಬ ಬರ್ಫದ ಗಡ್ಡೆ ತರಿಸಿ ಹಾಸಿದರು. ಹೊಸ ಕೆಲಸ, ಕಾಯಿ ಒಡೆಯದಿದ್ದರೆ ಹೇಗೆ? ಅಯ್ಯನವರು ಬಂದು ಬರ್ಫಕ್ಕೆ ವಿಭೂತಿ ಹಚ್ಚಿ ಆರತಿ ಎತ್ತಿದರು. ಮೊಮ್ಮಗಳು ಹುಬ್ಬಳ್ಳಿಯ ಗೆಳತಿಯಿಂದ ತಂದ ಅಲಗಿನ ಬೂಟು ಕಟ್ಟಿಕೊಂಡು ಕಾಲೆತ್ತಿದಳೋ ಇಲ್ಲವೋ, ಕಾಕಾ ಕೂಗಿದರು: "ಏ ತಂಗಿ, ಪೂಜಿ ಆಗೇತಿ! ಕಾಲ್ಮರಿ ಬಿಟ್ಟು ಹತ್ತು!"

ಎಲ್ಲರೂ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹತ್ತಿದರು. ಹತ್ತಿದಷ್ಟೇ ಬೇಗ ಇಳಿದರು. ಸೆಕ್ರೆಟರಿಯೊಬ್ಬರೇ ಇಳಿಯಲಿಲ್ಲ, ಅವರು ಆಗಲೇ ಕೂತುಬಿಟ್ಟಿದ್ದರು.

೩. ನಿಂಬೆಹಣ್ಣು

ಬರ್ಫ ಕರಗುತ್ತಿತ್ತು, ಮೊಮ್ಮಗಳ ಕಣ್ಣು ತುಂಬುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಅಯ್ಯನವರೇ, ಹೊಸ ಗಾಡಿಗೆ ಪೂಜೆ ಮಾಡ್ತೀರಲ್ಲ? ಇದೂ ಗಾಡಿಯೇ, ಕಾಲಿಗೆ ಕಟ್ಟೋ ಗಾಡಿ."

"ಖರೇ ಐತ್ರಿ," ಎಂದು ಅವರು ಬೂಟಿಗೂ ವಿಭೂತಿ ಎಳೆದು, ಒಂದೊಂದು ಅಲಗಿನ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು. "ಈಗ ಬಿಡವಾ ಗಾಡಿ!"

ಹುಡುಗಿ ನಿಂಬೆಹಣ್ಣು ಸೀಳಿಕೊಂಡು ಸರ್ರನೆ ಹೋದವಳು ನೇರ ಕಾಕಾನ ಧೋತರಕ್ಕೆ ಬಡಿದಳು. ಇಬ್ಬರೂ ಬಿದ್ದರು. ಕೂತಲ್ಲಿಂದಲೇ ಕಾಕಾ, "ಗಾಡಿ ಛಲೋ ಐತಿ. ಬ್ರೇಕಿಗೂ ಒಂದೀಟು ಪೂಜಿ ಮಾಡ್ಬೇಕಾಗಿತ್ತು!"

೪. ಮತ

ಕೈ ಎತ್ತುವ ಹೊತ್ತಿಗೆ ಗಂಡಸರು ಅರ್ಧ ಅತ್ತ, ಅರ್ಧ ಇತ್ತ. ಹೆಂಗಸರೆಲ್ಲ ನನ್ನ ಮುಖ ನೋಡಿದರು. ಮೊಮ್ಮಗಳೂ ನೋಡಿದಳು.

"ಸೆಕ್ರೆಟರಿಯವರೇ, ಅದಕ್ಕೆ ಮೇಲೆ ಛತ್ತು ಇರುತ್ತಾ?"

"ಇರಲೇಬೇಕ್ರಿ ಅಜ್ಜಿ. ಇಲ್ಲಂದ್ರ ಬಿಸಲಿಗೆ ಕರಗತೈತಿ."

"ಇಳಿಜಾರೋ, ಸಪಾಟೋ?"

"ನೀವು ಹೆಂಗಂತೀರಿ ಹಂಗ್ರಿ."

"ಅದರ ಮೇಲೆ ಬಿಸಿಲು?"

"ಕಾದ ಹಂಚಾಗತೈತ್ರಿ!"

ನಾನು ಕೈ ಎತ್ತಿದೆ. ಹಿಂದೆಯೇ ಹೆಂಗಸರೆಲ್ಲ ಎತ್ತಿದರು.

ಕುಣಿಯುತ್ತಿದ್ದ ಮೊಮ್ಮಗಳನ್ನು ಹಿಡಿದು ಕೂರಿಸಿದೆ. "ಕುಣಿದದ್ದು ಸಾಕು, ಠರಾವಿನಲ್ಲಿ ಬರಿ. ಮೊದಲು ಛತ್ತಿಗೆ ಮೆಟ್ಟಿಲು, ಆಮೇಲೆ ಒಳಗೆ ಬರ್ಫ. ಹಪ್ಪಳ ಹಾಕಿದಾಗ ಯಾರೂ ಬೂಟು ಕಟ್ಟಿಕೊಂಡು ಮೇಲೆ ಬರಬಾರದು. ನಿಂಬೆಹಣ್ಣು ಇಟ್ಟುಕೊಂಡು ಬಂದರೂ ಅಷ್ಟೇ!"