ಎರಡು ಸೀಟಿ ಅಂದರೆ ಹೋಗು

ವಯಸ್ಸಾದಂತೆ ಕಣ್ಣು ಕಂಡ ಸುದ್ದಿ ಕೈಕಾಲಿಗೆ ಮುಟ್ಟುವುದು ತಡವಾಗುತ್ತದೆ. ನಮ್ಮ ಮನೆಯಲ್ಲಿ ನನಗೂ ಅಪ್ಪನಿಗೂ ಇದು ಒಟ್ಟಿಗೇ ಶುರುವಾದದ್ದರಿಂದ ಇಂಥ ಪ್ರಸಂಗಗಳಿಗೆ ಬರವಿಲ್ಲ.

ಗ್ಲಾಸು

ಊಟಕ್ಕೆ ಕೂತಾಗ ನೀರಿನ ಗ್ಲಾಸು ಉರುಳಿತು. ಹಿಡಿಯಲು ಕೈ ಚಾಚಿದೆ. ಅಷ್ಟರಲ್ಲಿ ಹೆಂಡತಿ ಬಟ್ಟೆ ತಂದು ನೆಲ ಒರೆಸುತ್ತಿದ್ದಳು.

"ಈಗ ಕೈ ಚಾಚೀರಿ? ಇರ್ಲಿ, ಈ ಅರಿವೀನೇ ಹಿಡೀರಿ."

ಎಮ್ಮೆ

ಅಪ್ಪ ನಿವೃತ್ತ ಬಸ್ ಡ್ರೈವರ್. ಎಪ್ಪತ್ತು ದಾಟಿದರೂ ಸ್ಕೂಟರ್ ಬಿಟ್ಟಿರಲಿಲ್ಲ. ಒಂದು ಸಂಜೆ ಭಾಲ್ಕಿಯಿಂದ ನನ್ನನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದರು. ರಸ್ತೆಯ ನಡುವೆ ಎಮ್ಮೆ.

"ಅಪ್ಪಾ, ಎಮ್ಮಿ!"

ಎಮ್ಮೆಯೇ ಸರಿಯಿತು. ನಾವು ದಾಟಿದೆವು. ಆಮೇಲೆ ಅಪ್ಪ ಬ್ರೇಕ್ ಹಾಕಿದರು.

"ಎಲ್ಲದ ಎಮ್ಮಿ?"

"ಹಿಂದ ಉಳೀತು."

"ಹಿಂದಿನ ಎಮ್ಮಿಗಿ ನಾ ಯಾಕ ನಿಲ್ಲಿಸ್ಲಿ?"

ನಕ್ಕೆ. ಆದರೆ ಎಮ್ಮೆಯ ಜಾಗದಲ್ಲಿ ಮಗುವಿದ್ದಿದ್ದರೆ? ಮನೆಗೆ ಬಂದು ಕೀಲಿ ಕೇಳಿದೆ.

"ಕೀಲಿ ಕೊಟ್ಟು ಮನ್ಯಾಗ ಕುಂತು ಏನ್ ಮಾಡ್ಲಿ?" ಎಂದರು. ಕೀಲಿ ಅವರ ಜೇಬಿನಲ್ಲೇ ಉಳಿಯಿತು.

ಸೀಟಿ

ಉಪಾಯ ಅಪ್ಪನೇ ಕಂಡುಕೊಂಡರು. ಅವರ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಚಾಚಾ ನಮ್ಮ ಓಣಿಯವರೇ. ಮೊಣಕಾಲು ಹೋಗಿದೆ, ಕಣ್ಣು ಚೆನ್ನಾಗಿದೆ, ಆಳು ತೆಳ್ಳಗೆ. ಅವರ ಬಾಯಿಗೆ ಸೀಟಿ ಕೊಟ್ಟು ಸ್ಕೂಟರಿನ ಹಿಂದೆ ಕೂರಿಸಿಕೊಂಡರು. ಹಳೆಯ ಲೆಕ್ಕವೇ: ಒಂದು ಸೀಟಿ ನಿಲ್ಲು, ಎರಡು ಸೀಟಿ ಹೋಗು. ಕಣ್ಣು ಕಂಡದ್ದಕ್ಕೆ ತಡಮಾಡುವ ಕಾಲು, ಸೀಟಿ ಕೇಳಿದರೆ ತಟ್ಟನೆ ಬ್ರೇಕ್ ಒತ್ತುತ್ತಿತ್ತು.

ಒಂದು ದಿನ ಇಬ್ಬರೂ ಔರಾದಿನ ಮದುವೆಗೆ ಹೊರಟರು. ಬೀದರ ಬಸ್ ನಿಲ್ದಾಣದ ಎದುರು ಚಾಚಾ ಪಾನ್ ತರಲು ಇಳಿದರು. ಪಕ್ಕದ ಬಸ್ಸಿನ ಕಂಡಕ್ಟರ್ ಎರಡು ಸೀಟಿ ಊದಿದ. ಅಪ್ಪ ಹೊರಟೇಬಿಟ್ಟರು.

ಚಾಚಾ ನನಗೆ ಫೋನ್ ಮಾಡಿದರು: "ಬೇಟಾ, ನಿಮ್ಮಪ್ಪ ಕಂಡಕ್ಟರಿಗಿ ಬಿಟ್ಟು ಗಾಡಿ ಒಯ್ದಾರ! ಸಸ್ಪೆಂಡ್ ಮಾಡ್ರಿ ಅವರಿಗಿ!"

ಅಪ್ಪ ಫೋನ್ ಎತ್ತಲಿಲ್ಲ. ನಾನು ದಾರಿಯ ಎಮ್ಮೆಗಳನ್ನೆಲ್ಲ ನೆನೆಯುತ್ತ ಕೂತೆ.

ಸಂಜೆ ಅವರು ಬಸ್ಸಿನಲ್ಲಿ ಬಂದರು. ಸ್ಕೂಟರನ್ನು ಔರಾದಿನಲ್ಲೇ ಬಿಟ್ಟಿದ್ದರು. ಕೀಲಿ ನನ್ನ ಕೈಗಿಟ್ಟರು.

"ದಾರ್ಯಾಗ ನಿಲ್ಲೋ ಸೀಟಿ ಬರ್ಲಿಲ್ಲ, ರಸ್ತಾ ಖಾಲಿ ಅದ ಅಂತ ಹೊಡ್ಕೊಂಡು ಹೋದೆ. ಇಳಿದು ನೋಡಿದ್ರ ಹಿಂದ ಯಾರೂ ಇಲ್ಲ."

ಈಗ ಇಬ್ಬರೂ ಬಸ್ಸಿನಲ್ಲೇ ಓಡಾಡುತ್ತಾರೆ. ಅಪ್ಪನಿಗೆ ಡ್ರೈವರ್ ಹಿಂದಿನ ಸೀಟೇ ಆಗಬೇಕು. ರಸ್ತೆಗೆ ದನ ಅಡ್ಡ ಬರುತ್ತದೆ. ಬಸ್ಸು ನಿಲ್ಲುತ್ತದೆ. ಆಮೇಲೆ ಅಪ್ಪನ ಬಲಗಾಲು ನೆಲವನ್ನು ಜೋರಾಗಿ ಒತ್ತುತ್ತದೆ.

ಚಾಚಾ ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳುತ್ತಾರೆ: "ನೋಡ್ರಿ, ನಮ್ಮ ಡ್ರೈವರ್ ಸಾಹೇಬ್ರು ನಿಲ್ಲಿಸಿದ್ರು!"