ಗಾಜಿನ ಕೋಣೆಯಲ್ಲಿರುವ ಶ್ರೀ ಉಲ್ಕಾವೀರ ಅವರಿಗೆ, ಸಕ್ಕರೆ ಬಿಟ್ಟವರ ಮನೆಯಿಂದ

ಲೋಕರಕ್ಷಕರೂ ಗಗನಸಂಚಾರಿಗಳೂ, ಸದ್ಯಕ್ಕೆ ಖಳನಾಯಕನ ನೆಲಮಾಳಿಗೆಯ ಗಾಜಿನ ಕೋಣೆಯಲ್ಲಿ ವಾಸವಾಗಿರುವವರೂ ಆದ ಮಾನ್ಯ ಶ್ರೀ ಉಲ್ಕಾವೀರ ಅವರ ಸನ್ನಿಧಿಗೆ, ರಾಯಬಾಗ ತಾಲೂಕು ಅಲಖನೂರಿನ ಕಬ್ಬು ಬೆಳೆಗಾರ ರಾವಸಾಹೇಬನು ಮಾಡುವ ಸಾದರ ಪ್ರಣಾಮಗಳು. ನಾವಿಲ್ಲಿ ಕ್ಷೇಮ. ತಾವು ಕ್ಷೇಮವಾಗಿಲ್ಲ ಎಂಬುದನ್ನು ಟೀವಿಯಲ್ಲಿ ನೋಡಿದ್ದೇವೆ, ಈ ಪತ್ರಕ್ಕೆ ಅದೇ ಕಾರಣ.

ಮಾನ್ಯರೇ, ಕಾಮಿಕ್ಸ್ ಪುಸ್ತಕದಿಂದ ಎತ್ತಿ ಟೀವಿಗೆಂದೇ ತಯಾರಿಸಿ, ಕನ್ನಡದ ಮಾತು ಜೋಡಿಸಿ, ಹೋದ ಚಳಿಗಾಲದ ಒಂದು ರವಿವಾರ ಮಧ್ಯಾಹ್ನ ತೋರಿಸಿದ ತಮ್ಮ ಚಿತ್ರವನ್ನು ನನ್ನ ತಾಯಿ ಗಂಗೂಬಾಯಿಯವರು ಶೇಂಗಾ ಸುಲಿಯುತ್ತ ಮೊದಲಿನಿಂದ ಕೊನೆಯವರೆಗೆ ನೋಡಿದರು. ತಾವು ಉರಿಯುವ ಸೇತುವೆಯನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದದ್ದಕ್ಕಾಗಲಿ, ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡದ್ದಕ್ಕಾಗಲಿ ಅವರು ಏನೂ ತಕರಾರು ಮಾಡಲಿಲ್ಲ. ಆದರೆ ಕೊನೆಯಲ್ಲಿ ತಾವು "ಊಟಕ್ಕೆ ಬಂದೇ ಬರ್ತೀನಿ ಅಮ್ಮಾ" ಎಂದು ಕಿಟಕಿಯಿಂದ ಹಾರಿ, ನೆಟ್ಟಗೆ ಹೋಗಿ ವೈರಿಯ ಬಲೆಗೆ ಬಿದ್ದಿರಿ. ತಮ್ಮ ತಾಯಿ ಬಡಿಸಿದ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ ಬಾಗಿಲಲ್ಲಿ ನಿಂತರು, ಸೂರ್ಯ ಮುಳುಗಿದ, 'ಮುಂದುವರಿಯುವುದು' ಎಂಬ ಅಕ್ಷರ ಮೂಡಿತು. ಜೈನರಾದ ನಾವು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವಾದ್ದರಿಂದ, ಆ ತಾಯಿ ಅಂದು ಉಪವಾಸ ಮಲಗಿದರೆಂದೇ ನಮ್ಮವ್ವ ತಿಳಿದರು. ಮರುದಿನ ಬಸದಿಗೆ ಹೋಗಿ, ಆ ಹುಡುಗ ಅವ್ವನ ಮನೆ ಮುಟ್ಟುವವರೆಗೆ ಸಿಹಿ ಬಾಯಿಗೆ ಹಾಕುವುದಿಲ್ಲವೆಂದು ನೇಮ ಹಿಡಿದು ಬಂದರು.

ತಮ್ಮ ಪರಾಕ್ರಮದ ಫಲವಾಗಿ, ಬೆಲ್ಲ ಕಾಯಿಸುವ ವಾಸನೆ ಹೊಸ್ತಿಲವರೆಗೆ ಬರುವ ಊರಿನಲ್ಲಿ ಅವ್ವ ಸಪ್ಪನ್ನ ಚಹಾ ಕುಡಿಯುತ್ತಿದ್ದಾರೆ. ಎರಡನೆಯ ಭಾಗ ಬರಲೇ ಇಲ್ಲ. ವಾಹಿನಿಗೆ ಫೋನ್ ಮಾಡಿದರೆ, ನೋಡಿದವರು ಕಡಿಮೆಯಾದ್ದರಿಂದ ತಮ್ಮನ್ನು ಅಲ್ಲೇ ಬಿಟ್ಟಿದ್ದಾರೆಂದು ಒಬ್ಬ ಹುಡುಗಿ ಬಹಳ ವಿನಯದಿಂದ ತಿಳಿಸಿದಳು. ಬಸದಿಯ ಪಂಡಿತರನ್ನು ಕೇಳಿದರೆ, "ಸಿನಿಮಾದ ಮ್ಯಾಲ ನೇಮ ಹಿಡದವರನ್ನ ಇದ ಮೊದಲ ನೋಡಾಕತ್ತೀನ್ರಿ. ಆದ್ರ ನೇಮ ನೇಮನ" ಎಂದರು. ಕೊನೆಗೆ ನಿಪ್ಪಾಣಿಯ ಹಳೆ ಪುಸ್ತಕದಂಗಡಿಯಿಂದ ತಮ್ಮ ಕಾಮಿಕ್ಸ್ ಹುಡುಕಿ ತಂದೆ. ಅದರಲ್ಲಿ ತಾವು ಗಾಜು ಒಡೆದು ಹೊರಬರುವುದೇನೋ ನಿಜ, ಆದರೆ ಅಲ್ಲಿ ತಮಗೆ ತಾಯಿಯೇ ಇಲ್ಲ. ಉಲ್ಕೆಯ ಜೊತೆ ಉದುರಿದ ಅನಾಥರು ತಾವು. ಆ ತಾಯಿಯನ್ನೂ ತಾಟನ್ನೂ ಟೀವಿಯವರು ನಮ್ಮಂಥವರ ಕಣ್ಣಲ್ಲಿ ನೀರು ಬರಲೆಂದು ಸೇರಿಸಿದ್ದಾರೆ. ಇದನ್ನು ಅವ್ವನಿಗೆ ಹೇಳಿದ್ದಕ್ಕೆ, "ತಾಯಿ ಇಲ್ಲದ ಯಾರರ ಹುಟ್ಟತಾರೇನ್ಲೇ? ಬರದಾಂವ ಮರತಾನ" ಎಂದು ಪುಸ್ತಕ ಮುಚ್ಚಿ ಕೊಟ್ಟರು.

ಈಗ ಸಂಕಟದ ಮಾತು. ಬರುವ ವಾರ ನನ್ನ ಮಗಳು ಬ್ರಾಹ್ಮಿಗೂ ಕಾಗವಾಡದ ಸುಜಯನಿಗೂ ಸಾಖರಪುಡಾ, ಅಂದರೆ ನಿಶ್ಚಿತಾರ್ಥ. ಬೀಗರು ತಂದ ಸಕ್ಕರೆಯನ್ನು ಹುಡುಗಿಯ ಅಜ್ಜಿ ಮೊದಲು ಬಾಯಿಗೆ ಹಾಕಿಕೊಂಡ ಮೇಲೆಯೇ ನಮ್ಮ ಮನೆತನದಲ್ಲಿ ಮಾತು ಗಟ್ಟಿಯಾಗುವುದು. ಅಜ್ಜಿಯನ್ನು ಆಯಿ ಎಂದು ಕರೆಯುತ್ತ ಅವರ ಮಡಿಲಲ್ಲೇ ಬೆಳೆದ ಬ್ರಾಹ್ಮಿ, "ಆಯಿ ಸಕ್ಕರಿ ತಿನ್ನಲಿಲ್ಲಂದ್ರ ನಾ ಉಂಗುರ ಹಾಕ್ಕೊಳ್ಳೂದಿಲ್ರಿ ಅಪ್ಪಾ" ಎಂದು ಹಟ ಹಿಡಿದು ಕೂತಿದ್ದಾಳೆ. ನಮಗೆ ಈ ಸಂಬಂಧ ಮನಸ್ಸಿಲ್ಲವೇನೋ ಎಂದು ಬೀಗರು ಕೇಳತೊಡಗಿದ್ದಾರೆ. ಅಡ್ಡಗಾಲು ಹಾಕಿದವರು ಉಲ್ಕಾವೀರರೆಂದು ನಾನು ಅವರಿಗೆ ಯಾವ ಬಾಯಿಂದ ಹೇಳಲಿ? ಒಬ್ಬಳೇ ಮಗಳು, ನನಗೆ ನಿದ್ದೆ ಬರುತ್ತಿಲ್ಲ.

ಆದ್ದರಿಂದ ತಾವು ದಯಮಾಡಿ ಸಾಖರಪುಡಾಕ್ಕೆ ಮುಂಚೆ ತಪ್ಪಿಸಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ. ಗಾಜು ಗಟ್ಟಿಯಾಗಿದ್ದರೆ ನಮ್ಮ ಕಬ್ಬಿನ ಟ್ರೇಲರಿನಲ್ಲಿರುವ ಹಾರೆಯನ್ನು ಕಳಿಸಿಕೊಡುತ್ತೇನೆ. ಒಡೆಯುವುದು ಸಜ್ಜನಿಕೆಯಲ್ಲ ಎನಿಸಿದರೆ, ವೈರಿಗೇ ಒಂದು ಅರ್ಜಿ ಬರೆದು ಅರ್ಧ ದಿನದ ರಜೆ ಪಡೆದು, ತಾಯಿಯ ಮನೆಯಲ್ಲಿ ಎರಡು ತುತ್ತು ಉಂಡು, ಮರಳಿ ಹೋಗಿ ಒಳಗೆ ಕೂಡ್ರಬಹುದು. ಹೊತ್ತು ಮುಳುಗುವ ಮೊದಲೇ ಉಂಡರೆ ಇನ್ನೂ ಉಪಕಾರ. ಜಗತ್ತನ್ನೇ ಉಳಿಸಿದವರಿಗೆ ಅಲಖನೂರಿನ ಒಂದು ಸಾಖರಪುಡಾ ಉಳಿಸುವುದು ಭಾರವಾಗಲಾರದು.

ಸಪ್ಪನ್ನ ಚಹಾದ ಮನೆಯಿಂದ,
ಇನ್ನೂ ಆಸೆ ಬಿಡದ ತಮ್ಮ ವಿಶ್ವಾಸಿ,
ರಾವಸಾಹೇಬ, ಅಲಖನೂರ

ಮಡಚುವಾಗ ಸೇರಿಸಿದ್ದು: ಈಗಷ್ಟೇ ತಾವು ಟೀವಿಯಲ್ಲಿ ಕಾಣಿಸಿಕೊಂಡಿರಿ. ಅದೇ ಮುಖ, ಅದೇ ಗದ್ದ. ಮೈಮೇಲೆ ಮಾತ್ರ ಬನಿಯನ್, ಅದರದೇ ಜಾಹೀರಾತು. ನಾನು ಸಕ್ಕರೆ ಡಬ್ಬಿ ಹಿಡಿದು ಓಡಿಹೋಗಿ, "ನೋಡಬೇ ಅವ್ವಾ, ಹೊರಗ ಬಂದಾನ" ಎಂದೆ. ಅವ್ವ ಚಾಳೀಸಿನ ಗಾಜು ಒರೆಸಿ ಕಣ್ಣಿಗೇರಿಸಿಕೊಂಡು ಪೂರ್ತಿ ನೋಡಿದರು. "ಬಂದಾನ, ಖರೆ. ಅವ್ವನ ಕಡೆ ಹೋಗೂದ ಬಿಟ್ಟ ಬನೀನ ಮಾರಾಕತ್ತಾನ" ಎಂದು ಡಬ್ಬಿಯ ಮುಚ್ಚಳ ಹಾಕಿದರು. ತಮಗೆ ತಾಯಿ ಇರುವುದನ್ನು ಕಾಮಿಕ್ಸ್ ಬರೆದವನು ಮರೆತದ್ದನ್ನು ಅವರು ಕ್ಷಮಿಸಿದ್ದಾರೆ, ತಾವು ಮರೆತದ್ದನ್ನು ಕ್ಷಮಿಸುವ ಹಾಗೆ ಕಾಣುವುದಿಲ್ಲ. ಹಾರೆ ಕಳಿಸುತ್ತಿಲ್ಲ. ಮೊದಲು ಮನೆಗೆ ಹೋಗಿ, ತಾಟು ಇನ್ನೂ ಮುಚ್ಚಿಯೇ ಇದೆ.